ದೊಡ್ಡಪತ್ರೆಯ ಹನಿ

ಜುಲೈ ೧೪, ಸೋಮವಾರ. ಚಿತ್ರದುರ್ಗ.

ಊಟ ಸೇರಲಿಲ್ಲ. ದೊಡ್ಡಪತ್ರೆಯಿಂದ ನಾನು ತೆಗೆದ ಅಂಶ ಕರುಳಿನ ಸ್ನಾಯುಕೋಶಗಳಿಗೆ ಕ್ಯಾಲ್ಸಿಯಂ ಹೋಗದಂತೆ ತಡೆಯುತ್ತದೆ, ಸೆಳೆತ ಸಡಿಲವಾಗುತ್ತದೆ. ಅಲ್ಲಿಯವರೆಗೆ ಸರಿ. ಪ್ರಮಾಣ ಸ್ವಲ್ಪ ಹೆಚ್ಚಾದಾಗ ಪ್ರಯೋಗಕ್ಕಿಟ್ಟ ಇಲಿಯ ಕರುಳಿನ ತುಂಡು, ಔಷಧವನ್ನು ತೊಳೆದು ತೆಗೆದ ಮೇಲೂ ಮತ್ತೆ ಮಿಡಿಯಲಿಲ್ಲ. ಗೈಡ್ ತಿಪ್ಪೇರುದ್ರಪ್ಪ ಸರ್ ಇದನ್ನೇ ಮಕ್ಕಳ ಹೊಟ್ಟೆನೋವಿಗೆ ಮಾರಲು ಹೊರಟಿದ್ದಾರೆ.

"ಥೀಸಿಸ್‌ನಲ್ಲಿ ಆ ಭಾಗ ಬಿಟ್ಟು ಬರಿಯಮ್ಮ, ಯಾರು ನೋಡ್ತಾರೆ" ಎಂದರು.

ಅವರ ಮೊಮ್ಮಗನಿಗೂ ಮೊನ್ನೆಯಿಂದ ಹೊಟ್ಟೆನೋವು. ಆ ಹನಿಯ ಬಾಟಲಿಯನ್ನು ಅವರ ಮುಂದಿಟ್ಟೆ. "ಮೊದ್ಲು ನಿಮ್ಮ ಮೊಮ್ಮಗಂಗೆ ಹಾಕ್ರಿ ಸರ್."

"ಅವನ್ನ ದಾವಣಗೆರೆ ಡಾಕ್ಟ್ರು ನೋಡ್ತಾ ಅವ್ರೆ ಬಿಡಮ್ಮ" ಎಂದು ನಗುತ್ತಲೇ ಬಾಟಲಿಯನ್ನು ನನ್ನ ಕಡೆ ತಳ್ಳಿದರು.

ಆ ನಗು ನೆನೆದರೆ ಹೇಸಿಗೆಯಾಗುತ್ತದೆ. ಬಿಟ್ಟು ಬರೆಯುವುದಿಲ್ಲ ಎಂದು ಹೇಳಿ ಎದ್ದು ಬಂದೆ. ಪಿಎಚ್‌ಡಿ ಹೋದರೆ ಹೋಗಲಿ. ಅಮ್ಮನಿಗೆ ಹೇಗೆ ಹೇಳುವುದು, ಅವಳು ಆಗಲೇ ನಮ್ಮೂರು ಹಿರೇಗುಂಟನೂರಲ್ಲೆಲ್ಲ ನನ್ನನ್ನು ಡಾಕ್ಟರು ಎಂದು ಹೇಳಿಕೊಂಡು ಬಂದಿದ್ದಾಳೆ.