ಮಾಲೆ ಹಾಕಿಕೊಂಡ ಯಂತ್ರಗಳು

ಅಕ್ಕಾ,

ನೆರವಿನ ಹಣದಲ್ಲಿ ಕೊಟ್ಟ ನೂಲುವ ಯಂತ್ರಗಳಿಂದ ಹೆಂಗಸರ ಸಂಪಾದನೆ ಹೆಚ್ಚಿತೇ ಎಂದು ನೋಡಲು ಒರೂರೊ ಕಡೆಯ ಈ ಬೆಟ್ಟದೂರಿಗೆ ಬಂದಿದ್ದೇನೆ. ಹನ್ನೆರಡೂ ಯಂತ್ರಗಳು ಹೊಳೆಯುತ್ತಿವೆ, ಮೈತುಂಬ ಬಣ್ಣದ ಕಾಗದದ ಮಾಲೆ! ಪ್ರತಿ ಕಾರ್ನಿವಲ್ ಹಬ್ಬಕ್ಕೂ ಬಿಯರ್ ಚಿಮುಕಿಸಿ ಪೂಜೆ ಮಾಡುತ್ತಾರಂತೆ. ನೂತದ್ದು ಮಾತ್ರ ಒಂದೆಳೆಯೂ ಇಲ್ಲ. ಹಿಂದೆ ಬಂದವರು ಮಾಲೆಯ ಫೋಟೊ ತೆಗೆದು ‘ಯಶಸ್ವಿ’ ಎಂದು ಬರೆದು ಹೋಗಿದ್ದಾರೆ.

ಇಲ್ಲಿನ ಹೆಂಗಸರ ಸಂಘದ ಹಿರಿಯಳು ದೋನ್ಯಾ ಸತುರ್ನಿನಾ ಮೇಯುವ ಲಾಮಾ ಮಂದೆಯ ಹಿಂದೆ ನಡೆಯುತ್ತಲೇ ಕೈಕದಿರಿನಲ್ಲಿ ಉಣ್ಣೆ ನೂಲುತ್ತ ನನ್ನನ್ನು ತರಾಟೆಗೆ ತೆಗೆದುಕೊಂಡಳು: “ನಾವು ಒಂದೇ ಕಡೆ ಕೂತ್ರೆ ಲಾಮಾ ಕಾಯೋಕೆ ನೀನ್ ಬರ್ತೀಯೇನವ್ವಾ? ಮೊದ್ಲು ಬೇಲಿ ಕೊಡಿ ಅಂದಿದ್ವಿ. ಇದನ್ನ ಬರೀತೀಯೋ, ನೀನೂ ಫೋಟೊ ತಕ್ಕೊಂಡು ಹೋಗ್ತೀಯೋ?”

ಬೆಟ್ಟದ ಎತ್ತರಕ್ಕೆ ಹಿಡಿದಿದ್ದ ತಲೆನೋವು ಇಳಿದಿದೆ, ಇಲ್ಲಿಯವರಂತೆ ಕೋಕಾ ಎಲೆ ಅಗಿಯುತ್ತಿದ್ದೇನೆ. ಕಚೇರಿಯ ಸಾಹೇಬರು ಸಿಡುಕಿದರೆ ಸಿಡುಕಲಿ, ವರದಿಯ ಮೊದಲ ಸಾಲು ಬರೆದಾಯಿತು: ಇವರು ಕೇಳಿದ್ದು ಬೇಲಿ.

ವಾಪಸು ಹೊರಟ ಲಾರಿ ಕೂಗುತ್ತಿದೆ.
ನಿನ್ನ ನಿಲ್ದಾ