ನೀಲಿಗೆ ಹೊಡೆದ ಚಪ್ಪಾಳೆ

ಅಪ್ಪಾ,

ಇವತ್ತು ವಿಡಿಯೊ ಗೇಮ್ ಫೈನಲ್ ಇತ್ತು, ನಮ್ಮ ಕಾಲೇಜಿಗೂ ನೀನು ಓಟ ಕಲಿಸುತ್ತಿದ್ದ ಕಾಲೇಜಿಗೂ. "ಕೂತು ಆಡೋದೂ ಕ್ರೀಡೆ ಅಂದ್ರೆ ಗುಮಾಸ್ತರೆಲ್ಲ ಚಾಂಪಿಯನ್ನೇ ಬಿಡು" ಅನ್ನುತ್ತಲೇ ನೀನು ತೀರಿಹೋದೆ. ನೋಡಲು ಅಮ್ಮ ಒಬ್ಬಳೇ ಬಂದಿದ್ದಳು.

ದೊಡ್ಡ ಪರದೆಯಲ್ಲಿ ಓಡುವ ಗೊಂಬೆಗಳಲ್ಲಿ ನಮ್ಮದು ಕೆಂಪು, ಅವರದು ನೀಲಿ. ಅಮ್ಮ ಎದ್ದು ನಿಂತು ನೀಲಿಗೆ ಚಪ್ಪಾಳೆ ಹೊಡೆಯತೊಡಗಿದಳು. ಮೈದಾನದ ಅಂಚಿನಲ್ಲಿ ನೀಲಿ ಅಂಗಿಯ ನಿನ್ನ ಹುಡುಗರಿಗಾಗಿ ಹೊಡೆದು ಹೊಡೆದು ರೂಢಿಯಾದ ಕೈ. ನನ್ನ ಗೊಂಬೆ ಸತ್ತು ಬಿದ್ದಾಗಲೂ ಹೊಡೆದಳು. ನನ್ನ ಕಿವಿಗೆ ಹೆಡ್‌ಫೋನ್, ಎರಡೂ ಕೈ ಕೀಬೋರ್ಡಿನ ಮೇಲೆ. ಸನ್ನೆ ಮಾಡಲೂ ಆಗಲಿಲ್ಲ. ಸೋತೆವು.

ವೇದಿಕೆಯಿಂದ ಇಳಿದಾಗ ನನ್ನ ಅಂಗೈ ಒರೆಸುತ್ತಾ, "ಎಷ್ಟು ಬೆವರಿದ್ದೀಯೇ, ಓಡಿ ಬಂದೋರ ಹಾಗೆ! ಗೆದ್ವಲ್ಲ, ಬಿಡು" ಅಂದಳು. ಕೂಗಿ ಕೂಗಿ ಅವಳ ಗಂಟಲು ಕಟ್ಟಿತ್ತು. ನೀನು ಹೋದಮೇಲೆ ಅವಳು ದನಿಯೆತ್ತಿದ್ದು ಇದೇ ಮೊದಲು.

"ಹೂಂ ಅಮ್ಮಾ, ಗೆದ್ವಿ" ಅಂದೆ.

ನಿನ್ನ ಕಾಲೇಜು ಗೆದ್ದಾಗ ನಮ್ಮ ಮನೆಯಲ್ಲಿ ಹಾಗೇ ತಾನೇ ಹೇಳುತ್ತಿದ್ದದ್ದು, ಅಪ್ಪಾ?