ಒಂದೇ ಕಾರ್ಡಿನ ಇಬ್ಬರು ಮಕ್ಕಳು

ಆಸ್ಪತ್ರೆಯ ಎರಡನೇ ಮಹಡಿಯಿಂದ,
ಮಂಗಳವಾರ, ನಾಲ್ಕನೇ ತಾರೀಕು

ಪ್ರೀತಿಯ ತಮ್ಮಾ,

ನಿನ್ನ ಕೆಮ್ಮು ಹೇಗಿದೆ? ಬೆಳಿಗ್ಗೆ ನಡೆಯುವುದನ್ನು ಬಿಟ್ಟಿಲ್ಲ ತಾನೇ? ಫೋನಿನಲ್ಲಿ ನಿನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧಕ್ಕೆ ನೀನೇ ಅರ್ಥ ಕಟ್ಟಿಕೊಳ್ಳುತ್ತೀಯ, ಅದಕ್ಕೇ ಕಾಗದ. ಮೊದಲು ಸಮಾಧಾನದ ಮಾತು: ನಮ್ಮ ಪುಟ್ಟಿ ಉಳಿದುಕೊಂಡಳು. ನಿನ್ನೆಯಿಂದ ತಂಗಿಗೆ ಜ್ವರವಿಲ್ಲ. ಬಲಗೈಯ ನಡುಬೆರಳು ಮಾತ್ರ ಹೋಯಿತು.

ಶುರುವಾದದ್ದು ಹೊಲಿಗೆ ಯಂತ್ರದ ಸೂಜಿಯಿಂದ. ಶಾಲೆಯ ಸಮವಸ್ತ್ರಗಳ ಅವಸರದಲ್ಲಿ ಬೆರಳಿಗೆ ಚುಚ್ಚಿಕೊಂಡಳು, ಬಾಯಲ್ಲಿಟ್ಟು ಚೀಪಿ ಮತ್ತೆ ಹೊಲಿಯಲು ಕೂತಳು. ಆ ವಾರ ಅವಳಿಗೆ ಗಂಟಲು ನೋವೂ ಇತ್ತು. ಗಂಟಲಿನ ರೋಗಾಣು ಗಾಯಕ್ಕೆ ಇಳಿದಿರಬೇಕು ಎನ್ನುತ್ತಾರೆ ಡಾಕ್ಟರಮ್ಮ. ಮಾರನೇ ದಿನಕ್ಕೆ ಮೊಣಕೈವರೆಗೆ ಕೆಂಪಗೆ ಊದಿತು. ಔಷಧಿ ಅಂಗಡಿಯವನು ತನ್ನ ಮಾಮೂಲಿ ಮೂರು ದಿನದ ಮಾತ್ರೆ ಕತ್ತರಿಸಿ ಕೊಟ್ಟ. ಕೆಮ್ಮಿದರೂ ಅದೇ, ಸೀನಿದರೂ ಅದೇ, ಕಾಲು ಉಳುಕಿದರೂ ಅದನ್ನೇ ಕೊಟ್ಟಾನು. ಡಾಕ್ಟರ ಚೀಟಿಯಿಲ್ಲದೆ ಇಂಥವನ್ನು ಮಾರಕೂಡದೆಂದು ಅವನಪ್ಪನ ಕಾಲದಲ್ಲೇ ಅಂಗಡಿಗೆ ಬೋರ್ಡು ಹಾಕಿಸಿದ್ದರು. ಬೋರ್ಡು ಈಗಲೂ ಇದೆ, ಅದರ ಮೇಲೆ ಶಾಂಪೂ ತೂಗುಹಾಕಿದ್ದಾನೆ.

ಮೂರನೇ ದಿನ ಪ್ರಜ್ಞೆ ತಪ್ಪಿತು. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣು ಅಂತೆ. ಸಾಮಾನ್ಯವಾಗಿ ಗಂಟಲಲ್ಲಿ ನಾಲ್ಕು ದಿನ ಬಿಡಾರ ಹೂಡಿ ಹೋಗುವಂಥದ್ದು, ಒಮ್ಮೊಮ್ಮೆ ರಕ್ತಕ್ಕೆ ನುಗ್ಗಿ, ಮಾಂಸವನ್ನೇ ಕೊಳೆಸುತ್ತದೆ. ಆರೋಗ್ಯ ಇಲಾಖೆಯ ಹುಡುಗಿ ಫಾರಂ ಹಿಡಿದು ಬಂದು ಯಾರಿಗೆ ಗಂಟಲು ನೋವಿತ್ತು, ಯಾವ ಮಾತ್ರೆ ನುಂಗಿದ್ದರು ಎಂದೆಲ್ಲ ಬರೆದುಕೊಂಡಳು. ಹೋದ ವರ್ಷವಿಡೀ ನಮ್ಮ ಊರಲ್ಲಿ ಇಂಥವರು ಏಳು ಮಂದಿ. ಈ ವರ್ಷ ಇನ್ನೂ ಅರ್ಧ ಮುಗಿದಿಲ್ಲ, ಹತ್ತೊಂಬತ್ತು. ಅವರಲ್ಲಿ ಎಂಟು ಜನರ ರೋಗಾಣು ಆ ಮೂರು ದಿನದ ಮಾತ್ರೆಗೆ ಜಗ್ಗುವುದಿಲ್ಲವಂತೆ. ಪುಟ್ಟಿಯದೂ ಆ ಎಂಟರಲ್ಲಿ ಒಂದು. ಸಿಕ್ಕಸಿಕ್ಕದ್ದಕ್ಕೆಲ್ಲ ನುಂಗಿಸಿ ರೋಗಾಣುವಿಗೆ ಗರಡಿ ಸಾಧನೆ ಮಾಡಿಸಿದವರು ನಾವೇ.

ಅದು ಇಂದಿಗೂ ಸೋಲುವುದು ಹಳೇ ಪೆನ್ಸಿಲಿನ್‌ಗೆ. ಆದರೆ ಪುಟ್ಟಿಯ ಆಸ್ಪತ್ರೆ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: ಪೆನ್ಸಿಲಿನ್ ಒಗ್ಗದು. ಬದಲಿಗೆ ಕೊಡುತ್ತಿದ್ದ ಔಷಧಿಯಿಂದ ಮೂತ್ರಪಿಂಡ ಸೋಲತೊಡಗಿತು. ಆಗ ನನಗೆ ಆ ಹಳೆಯ ದವಾಖಾನೆ ನೆನಪಾಯಿತು. ನಿನಗೆ ಆರು ವರ್ಷ, ಅವಳಿಗೆ ನಾಲ್ಕು, ಇಬ್ಬರಿಗೂ ಗಂಟಲು ಬಾತಿತ್ತು. ಮಗುವಿಗೊಂದು ಕಾರ್ಡು, ಕಾರ್ಡಿಗೊಂದು ಸರದಿ. ಎರಡು ಸರದಿ ಕಾದರೆ ಗಿರಣಿಯ ಪಾಳಿ ತಪ್ಪುತ್ತದೆಂದು ಅಮ್ಮ ಪುಟ್ಟಿಯ ಹೆಸರಲ್ಲಿ ಒಂದೇ ಕಾರ್ಡು ಮಾಡಿಸಿ, ಅದರಲ್ಲೇ ಇಬ್ಬರಿಗೂ ಔಷಧಿ ಕೊಡಿಸಿದಳು. ಪುಟ್ಟಿಗೆ ಬರೀ ಔಷಧಿನೀರು, ಹೆಚ್ಚು ಬಾತಿದ್ದ ನಿನಗೆ ಪೆನ್ಸಿಲಿನ್ ಸೂಜಿ. ಮೈತುಂಬ ದದ್ದೆದ್ದು ಉಸಿರು ಕಟ್ಟಿದ್ದು ನಿನಗೆ. ಕೆಂಪು ಶಾಯಿ ಬಿದ್ದದ್ದು ಅವಳ ಹೆಸರಿಗೆ. ಬೈಸಿಕೊಳ್ಳುವ ಭಯಕ್ಕೆ ಅಮ್ಮ ತುಟಿ ಬಿಚ್ಚಲಿಲ್ಲ. ಕಾರ್ಡು ಹೊಸದಾದಾಗಲೆಲ್ಲ ಆ ಮಾತೂ ನಕಲಾಯಿತು. ಊರವರ ತಪ್ಪಿಗೆಲ್ಲ ಪತ್ರಿಕೆಗೆ ಬರೆಯುವ ನಾನು ಇದನ್ನು ಎಷ್ಟು ಸಲ ಓದಿದ್ದೆನೋ. ಎಚ್ಚರಿಕೆ ತಾನೇ, ಇದ್ದರೆ ಇರಲಿ ಅಂದುಕೊಂಡೆ.

ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. “ಐವತ್ತೆರಡು ವರ್ಷದ ನೆನಪನ್ನ ನಂಬಿ ಹೇಗಮ್ಮಾ ಚುಚ್ಚೋದು?” ಅಂದರು.

“ನಂಬಬೇಡಿ, ಒಂದು ತೊಟ್ಟು ಹಾಕಿ ನೋಡಿ,” ಅಂದೆ.

ತೋಳಿನ ಚರ್ಮಕ್ಕೆ ಚೂರೇ ಚೂರು ಕೊಟ್ಟು ಕಾದರು. ಏನೂ ಏಳಲಿಲ್ಲ. ಆ ಮಧ್ಯಾಹ್ನವೇ ಪೆನ್ಸಿಲಿನ್ ಶುರು ಮಾಡಿದರು. ಬೆರಳಿಗೆ ಮಾತ್ರ ತಡವಾಗಿತ್ತು. ಎಚ್ಚರವಾದ ಮೇಲೆ ನಡೆದದ್ದನ್ನು ಪುಟ್ಟಿಗೂ ತಿಳಿಸಿದೆ. ಕಟ್ಟು ಹಾಕಿದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. “ಕತ್ತರಿ ಹಿಡಿಯೋದನ್ನ ಇನ್ನೊಂದು ಬೆರಳಿಗೆ ಕಲಿಸ್ತೀನಿ ಬಿಡಕ್ಕಾ. ಅಮ್ಮನ್ನ ಬೈಬೇಡ,” ಅಂದಳು.

ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು. ಮೊಮ್ಮಕ್ಕಳ ತಲೆಯ ಮೇಲೆ ನನ್ನ ಪರವಾಗಿ ಕೈಯಿಡು. ಎಲ್ಲರೂ ಗಟ್ಟಿಮುಟ್ಟಾಗಿರಿ.

ನಿನ್ನ
ದೊಡ್ಡಕ್ಕ

ಲಕೋಟೆ ಅಂಟಿಸುವ ಮುಂಚೆ: ಹದಿನೆಂಟನೇ ತಾರೀಕಿಗೆ ನಿನ್ನ ದವಡೆ ಹಲ್ಲು ಕೀಳಿಸುತ್ತಾರೆಂದು ನಿನ್ನ ಸೊಸೆ ಈಗಷ್ಟೇ ಫೋನಿನಲ್ಲಿ ಹೇಳಿದಳು. ಆಗ ಕೊಡುವ ಮಾತ್ರೆ ಹೆಚ್ಚಾಗಿ ಪೆನ್ಸಿಲಿನ್ ಜಾತಿಯದೇ ಅಂತೆ, ಡಾಕ್ಟರಮ್ಮನನ್ನು ಕೇಳಿದೆ. ನಿನ್ನ ಕಾರ್ಡಿನಲ್ಲಿ ಯಾವ ಎಚ್ಚರಿಕೆಯೂ ಇಲ್ಲ. ಇಷ್ಟು ವರ್ಷಕ್ಕೆ ಆ ದೋಷ ಹೋಗಿರಲೂಬಹುದು, ಆದರೆ ಪರೀಕ್ಷೆ ಮಾಡಿಸದೆ ಬಾಯಿಗೆ ಹಾಕಬೇಡ. ಅಕ್ಕನಿಗೆ ಎಲ್ಲದಕ್ಕೂ ತಕರಾರು ಎಂದು ನಗುತ್ತೀಯ, ಗೊತ್ತು. ಮೊದಲು ಹೋಗಿ ಕಾರ್ಡಿನಲ್ಲಿ ಅದನ್ನು ಬರೆಸಿಕೊಂಡು ಬಾ, ಆಮೇಲೆ ಎಷ್ಟು ಬೇಕಾದರೂ ನಗು.